ಫ್ರೆಂಚ್: ಕೇಳಲು ಸರಿ, ಬರೆದರೆ ತಪ್ಪು. ಎಲ್ಲಿ ಎಡವುತ್ತಿದ್ದೇನೆ?

ಪ್ರಶ್ನೆ:
ನಮಸ್ಕಾರ. ಫ್ರೆಂಚ್ ಭಾಷೆಯ ಡೆಲ್ಫ್ ಎ2 ಪರೀಕ್ಷೆಗೆ ಓದುತ್ತಿದ್ದೇನೆ. ಮಾತಾಡಲು ಅಷ್ಟು ಕಷ್ಟವಿಲ್ಲ, ಬರೆದರೆ ಕೆಂಪು ಗೆರೆ ಬೀಳುತ್ತದೆ. ನಿನ್ನೆ ಮೂರು ವಾಕ್ಯಕ್ಕೆ ಬಿತ್ತು.

'ಝ ಸ್ವಿ ಆಲೆ ಓ ಮಾರ್ಶೆ' (ನಾನು ಸಂತೆಗೆ ಹೋದೆ).
'ಯೂನ್ ಝ್ಯುಪ್ ವೆರ್' (ಒಂದು ಹಸಿರು ಲಂಗ).
'ಲೇ ಕ್ಲೇ ಕ ಝೇ ಮಿ ಸ್ಯುರ್ ಲಾ ತಾಬ್ಲ್' (ನಾನು ಮೇಜಿನ ಮೇಲಿಟ್ಟ ಬೀಗದಕೈಗಳು).

ಮೊದಲನೆಯದರಲ್ಲಿ ತಪ್ಪೇನು ಅಂತಲೇ ತಿಳಿಯುತ್ತಿಲ್ಲ. 'ಆಲೆ' ಕೊನೆಗೆ ರೋಮನ್ 'ಇ', ಅದರ ಮೇಲೊಂದು ಗೀಟು. ಸರಿ ಅಲ್ವಾ?

ಉತ್ತರ:
ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ನೀವು ಗಂಡೋ ಹೆಣ್ಣೋ ಗೊತ್ತಾಗಲಿಲ್ಲ. ತೊಂದರೆಯ ಬುಡ ಇಲ್ಲೇ ಇದೆ. ನಮ್ಮಲ್ಲಿ 'ಹೋದನು', 'ಹೋದಳು' ಬೇರೆ ಬೇರೆ, ಆದರೆ 'ನಾನು ಹೋದೆ' ಯಾರು ಹೇಳಿದರೂ ಒಂದೇ. ಫ್ರೆಂಚಿನಲ್ಲಿ 'ಆಲೆ'ಯಂಥ ಕಡೆ 'ನಾನು' ಅಂದಾಗಲೂ ಲಿಂಗ ತೋರಿಸಬೇಕು. ಹೆಣ್ಣು ಬರೆದರೆ ಕೊನೆಗೆ ಇನ್ನೊಂದು 'ಇ' ಬೇಕು. ಉಚ್ಚಾರ ಬದಲಾಗುವುದಿಲ್ಲ, ಅದಕ್ಕೇ ಕಿವಿಗೆ ಸಿಗುವುದಿಲ್ಲ. ಹಿಂದಿ ಬಂದರೆ 'ಮೈ ಗಯಾ', 'ಮೈ ಗಯೀ' ನೆನಪಿಸಿಕೊಳ್ಳಿ.

ಲಂಗದ್ದು ಸುಲಭ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆಗಳು. ನಮ್ಮ 'ದೊಡ್ಡ' ಅಲುಗಾಡುವುದಿಲ್ಲ. ಅವರದು ಅಲುಗಾಡುತ್ತದೆ. 'ಝ್ಯುಪ್' ಸ್ತ್ರೀಲಿಂಗ, ಹಾಗಾಗಿ 'ವೆರ್ತ್'. 'ಇ' ಸೇರಿದ ತಕ್ಷಣ 'ವೆರ್' ಕೊನೆಯಲ್ಲಿ ಬರೆದರೂ ಸುಮ್ಮನಿದ್ದ 'ಟಿ' ಬಾಯಿ ಬಿಡುತ್ತದೆ. ಆದರೆ 'ಒರಾಂಝ್' (ಕಿತ್ತಳೆ), 'ಮಾರೋಂ' (ಕಂದು) ಬಣ್ಣಗಳಿಗೆ ಏನೂ ಸೇರಿಸಬೇಡಿ. ಅವು ಮೂಲದಲ್ಲಿ ಕಿತ್ತಳೆ, ಚೆಸ್ಟ್‌ನಟ್‌ಗಳ ಹೆಸರು.

ಬೀಗದಕೈ ವಾಕ್ಯಕ್ಕೆ ಜಾಸ್ತಿ ಗಮನ ಕೊಡಿ. 'ಝೇ ಮಿ ಲೇ ಕ್ಲೇ' (ನಾನು ಬೀಗದಕೈಗಳನ್ನು ಇಟ್ಟೆ) ಅಂತ ಬರೆದರೆ 'ಮಿ' ಹಾಗೇ ಇರುತ್ತದೆ. ನಿಮ್ಮ ವಾಕ್ಯದಲ್ಲಿ ಬೀಗದಕೈ ಮೊದಲೇ ಬಂದುಬಿಟ್ಟಿದೆ. ಬರೆಯುವಾಗ 'ಏನನ್ನು ಇಟ್ಟೆ?' ಅಂತ ಕೇಳಿಕೊಳ್ಳಿ. ಉತ್ತರ ಆಗಲೇ ಬರೆದಾಗಿದ್ದರೆ ಅದಕ್ಕೆ ಹೊಂದಿಸಬೇಕು. 'ಕ್ಲೇ' ಸ್ತ್ರೀಲಿಂಗ, ಇಲ್ಲಿ ಬಹುವಚನ. ಆದ್ದರಿಂದ 'ಮಿ' ಮುಂದೆ 'ಇ', 'ಎಸ್' ಎರಡೂ ಬೇಕು. ಓದುವಾಗ 'ಮೀಜ್'. ಇದು ಕಿವಿಗೂ ಗೊತ್ತಾಗುತ್ತದೆ, ಜೋರಾಗಿ ಓದಿ ನೋಡಿ.

ಮತ್ತೆ ಪ್ರಶ್ನೆ:
ನಾನು ಹೆಣ್ಣೇ! ಈಗ ಆ ಕೆಂಪು ಗೆರೆ ಅರ್ಥವಾಯಿತು. 'ನಾವು ಹೋದೆವು' ಅಂದರೆ? ಅವತ್ತು ಅಮ್ಮ ಇದ್ದರು, ತಮ್ಮನೂ ಬಂದಿದ್ದ.

ಉತ್ತರ:
ಅಮ್ಮ, ನೀವು ಇಬ್ಬರೇ ಆದರೆ 'ಆಲೆ' ಮುಂದೆ ಇನ್ನೊಂದು 'ಇ', ಆಮೇಲೆ 'ಎಸ್'. ತಮ್ಮ ಸೇರಿದರೆ ಆ ಹೆಚ್ಚಿನ 'ಇ' ಹೋಗುತ್ತದೆ, 'ಎಸ್' ಉಳಿಯುತ್ತದೆ. ಹತ್ತು ಹೆಂಗಸರ ಜೊತೆ ಒಬ್ಬ ಗಂಡಸಿದ್ದರೂ ಪುಲ್ಲಿಂಗವೇ. ನನಗಿದು ಇವತ್ತಿಗೂ ಸರಿ ಕಾಣುವುದಿಲ್ಲ, ಆದರೆ ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಇನ್ನೊಂದು ವಿಷಯ: ನಾವು 'ಹತ್ತು ಸೇಬು' ಅಂದು ಬಿಡುತ್ತೇವೆ. ಅಲ್ಲಿ 'ಪೊಮ್' ಬರೆದ ಮೇಲೆ 'ಎಸ್' ಹಾಕಿದ್ದೀರಾ ನೋಡಿಕೊಳ್ಳಿ. ಅದೂ ಕೇಳಿಸುವುದಿಲ್ಲ.