ಗ್ನೂ ರೇಡಿಯೋ ಸಾಫ್ಟ್‌ವೇರಲ್ಲಿ ರೆಕಾರ್ಡಿಂಗ್ ಅರ್ಧ ಸ್ಪೀಡಲ್ಲಿ ಓಡಿಸಿದರೆ ಆಡಿಯೋ ಕಡಿದು ಹೋಗುತ್ತಿದೆ

ತಾರಸಿ_ಆಂಟೆನಾ:
ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್) ಹಾಕಿ ಬಾಹ್ಯಾಕಾಶ ನಿಲ್ದಾಣದ ಒಂದು ಪಾಸ್, ಅಂದರೆ ಅದು ತಲೆ ಮೇಲೆ ಹಾದುಹೋದಾಗಿನ ಸಿಗ್ನಲ್, ರೆಕಾರ್ಡ್ ಮಾಡಿಟ್ಟಿದ್ದೇನೆ. 145.800 ಮೆಗಾಹರ್ಟ್ಸ್, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಅಳತೆ) 2.4 ಮಿಲಿಯನ್, ಸುಮಾರು 10 ನಿಮಿಷ. ಗ್ನೂ ರೇಡಿಯೋದಲ್ಲೇ ಸೇವ್ ಮಾಡಿದ್ದು. ಸದ್ದಿನ ನಡುವೆ ಯಾರೋ ಮಾತಾಡಿದ್ದು ಕೇಳುತ್ತದೆ, ಅದನ್ನು ಅರ್ಧ ಸ್ಪೀಡಲ್ಲಿ ಕೇಳಬೇಕು. ಇಡೀ ಪಾಸನ್ನು ವಾಟರ್‌ಫಾಲ್‌ನಲ್ಲಿ (ಫ್ರೀಕ್ವೆನ್ಸಿ ಸಮಯದ ಜೊತೆ ಬದಲಾಗುವುದನ್ನು ತೋರಿಸುವ ಚಿತ್ರ) ಬೇಗ ಬೇಗ ಓಡಿಸಿಯೂ ನೋಡಬೇಕು. ಸ್ಯಾಂಪಲ್ ರೇಟ್ ವೇರಿಯಬಲ್ಲನ್ನೇ 1.2 ಮಿಲಿಯನ್‌ಗೆ ಇಳಿಸಿದರೆ ಆಡಿಯೋ ಚೂರು ಚೂರಾಗಿ ಬರುತ್ತದೆ, ಟರ್ಮಿನಲ್ ತುಂಬ 'ಎಯುಎಯುಎಯು'. ಥ್ರಾಟಲ್ ಬ್ಲಾಕ್ ಇರುವುದೇ ಇದಕ್ಕೆ ಅಲ್ವಾ?

ಎಫ್‌ಎಫ್‌ಟಿ_ಅಣ್ಣ:
ಅಲ್ಲ. ಫೈಲ್‌ನಲ್ಲಿರುವುದು ಬರೀ ಸಂಖ್ಯೆಗಳ ಸಾಲು, ಸಮಯ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಮುಂದೆ ಬಿಡಬೇಕು ಅಂತ ಥ್ರಾಟಲ್ ಕಂಪ್ಯೂಟರಿನ ಗಡಿಯಾರ ನೋಡಿ ತಡೆಯುತ್ತದೆ, ಅಷ್ಟೇ ಅದರ ಕೆಲಸ. ಸೌಂಡ್ ಕಾರ್ಡ್ ಕೇಳುವುದು ಸೆಕೆಂಡಿಗೆ 48,000, ರೇಟ್ ಅರ್ಧ ಮಾಡಿದ್ದರಿಂದ ನೀವು ಕೊಡುತ್ತಿರುವುದು 24,000. ಆ 'ಎಯು' ಅಂದರೆ ಆಡಿಯೋ ಅಂಡರ್‌ರನ್, ಸೌಂಡ್ ಕಾರ್ಡಿಗೆ ಸ್ಯಾಂಪಲ್ ಸಾಲದೆ ಹೋಗುವುದು. ಆಡಿಯೋ ಸಿಂಕ್ (ಸೌಂಡ್ ಕಾರ್ಡಿಗೆ ಕಳಿಸುವ ಬ್ಲಾಕ್) ಇದ್ದರೆ ಥ್ರಾಟಲ್ ತೆಗೆದುಬಿಡಿ. ಸೌಂಡ್ ಕಾರ್ಡೇ ವೇಗ ಹಿಡಿದಿಡುತ್ತದೆ, ಎರಡು ಗಡಿಯಾರ ಸೇರಿದರೆ ಜಗಳವೇ.

ಇನ್ನೊಂದು ವಿಷಯ. ಆ ವೇರಿಯಬಲ್ ಮುಟ್ಟಬೇಡಿ. ನಿಮ್ಮ ಫಿಲ್ಟರ್‌ಗಳೂ ಅದನ್ನೇ ನೋಡಿ ಲೆಕ್ಕ ಹಾಕುತ್ತವೆ. 1.2 ಅಂತ ಕೊಟ್ಟರೆ 8 ಕಿಲೋಹರ್ಟ್ಸ್‌ಗೆ ಕತ್ತರಿಸಬೇಕಾದ ಫಿಲ್ಟರ್ 16ಕ್ಕೆ ಕತ್ತರಿಸುತ್ತದೆ, ಇಲ್ಲದ ಗದ್ದಲವೆಲ್ಲ ಒಳಗೆ ಬರುತ್ತದೆ.

ನಿಧಾನ ಮಾಡಬೇಕಾದ್ದು ಡೀಮಾಡ್ಯುಲೇಟ್ ಆದ ಮೇಲೆ, ಅಂದರೆ ರೇಡಿಯೋ ಸಿಗ್ನಲ್‌ನಿಂದ ದನಿ ಬೇರ್ಪಟ್ಟ ಮೇಲೆ. ರ‍್ಯಾಷನಲ್ ರೀಸ್ಯಾಂಪ್ಲರ್ ಬ್ಲಾಕ್‌ನಲ್ಲಿ ಇಂಟರ್ಪೊಲೇಷನ್ 2 ಕೊಟ್ಟರೆ ಸ್ಯಾಂಪಲ್ ಎರಡು ಪಟ್ಟಾಗಿ ಅರ್ಧ ಸ್ಪೀಡ್. ಆದರೆ ದನಿಯೂ ಅರ್ಧಕ್ಕೆ ಇಳಿದು ಗೊಗ್ಗರಾಗುತ್ತದೆ. ಮಾತು ಅರ್ಥ ಮಾಡಿಕೊಳ್ಳಲಿಕ್ಕೆ ಅಂದರೆ ಸುಮ್ನೆ ವೇವ್ ಫೈಲ್ ಮಾಡಿ ಆಡಾಸಿಟಿ ಅನ್ನುವ ಆಡಿಯೋ ಎಡಿಟರಲ್ಲಿ ಟೆಂಪೋ ಮಾತ್ರ ಇಳಿಸಿ, ಪಿಚ್ ಹಾಗೇ ಉಳಿಯುತ್ತದೆ. ನಾನಾದರೆ ಇದನ್ನೇ ಮಾಡುವುದು.

ಗದ್ದಲ_ಗಣಪ:
ವಾಟರ್‌ಫಾಲ್‌ಗೆ ಮೊದಲು ಫೈಲ್ ಸಣ್ಣದು ಮಾಡಿ. ಒಂದು ಸ್ಯಾಂಪಲ್‌ಗೆ 8 ಬೈಟ್ ಅಂದರೆ ನಿಮ್ಮದು ಹತ್ತಿರ ಹತ್ತಿರ 11.5 ಜಿಬಿ, ಅದರಲ್ಲಿ ಬೇಕಾದ್ದು ಇಷ್ಟೇ ಇಷ್ಟು. ಫ್ರೀಕ್ವೆನ್ಸಿ ಎಕ್ಸ್‌ಲೇಟಿಂಗ್ ಫಿಲ್ಟರ್‌ನಲ್ಲಿ 145.800 ಅನ್ನು ನಡುವಿಗೆ ತಂದು ಡೆಸಿಮೇಷನ್ 50 ಕೊಡಿ (50 ಸ್ಯಾಂಪಲ್‌ಗೆ ಒಂದು ಉಳಿಯುತ್ತದೆ), 48 ಸಾವಿರ ರೇಟಿನ 230 ಎಂಬಿ ಫೈಲ್ ಸಿಗುತ್ತದೆ. ಥ್ರಾಟಲ್ ಇಲ್ಲದೆ ಓಡಿಸಿ, ಡಿಸ್ಕ್ ಎಷ್ಟು ಬೇಗ ಓದುತ್ತದೋ ಅಷ್ಟು ಬೇಗ ಮುಗಿಯಲಿ. ನಿಲ್ದಾಣದ ವೇಗದಿಂದ ಫ್ರೀಕ್ವೆನ್ಸಿ (ಡಾಪ್ಲರ್) ಆ ಕಡೆ ಈ ಕಡೆ ಮೂರೂವರೆ ಕಿಲೋಹರ್ಟ್ಸ್ ಸರಿದರೂ ಅದರೊಳಗೇ ಇರುತ್ತದೆ.

ಆಮೇಲೆ ಆ ಸಣ್ಣ ಫೈಲ್ ಓಡಿಸುವಾಗ ಆಡಿಯೋ ಸಿಂಕ್ ತೆಗೆದು, ಥ್ರಾಟಲ್ ಹಾಕಿ ಅದಕ್ಕೆ ಮಾತ್ರ ಬೇರೆ ವೇರಿಯಬಲ್ ಕೊಡಿ, 20 ಪಟ್ಟು ಅಂದರೆ 9,60,000. ವಾಟರ್‌ಫಾಲ್‌ನ ರೇಟ್ 48 ಸಾವಿರದಲ್ಲೇ ಬಿಡಿ, ಇಲ್ಲದಿದ್ದರೆ ಫ್ರೀಕ್ವೆನ್ಸಿ ಅಳತೆ ತಪ್ಪುತ್ತದೆ.

ತಾರಸಿ_ಆಂಟೆನಾ:
ಬಂತು! ಡಾಪ್ಲರ್ ಗೆರೆ ಅರ್ಧ ನಿಮಿಷದಲ್ಲಿ ಪೂರ್ತಿ ಕಾಣಿಸಿತು. ಆದರೆ ನಡುವೆ ಕ್ಷಣಕಾಲ ಬಂದ ಚಿಕ್ಕ ಬರ್ಸ್ಟ್‌ ಸಿಗ್ನಲ್‌ಗಳು ಕಾಣೆ?

ಗದ್ದಲ_ಗಣಪ:
ವಾಟರ್‌ಫಾಲ್‌ನ ಅಪ್‌ಡೇಟ್ ಪೀರಿಯಡ್ 0.10 ಸೆಕೆಂಡ್ ಇದ್ದರೆ, 20 ಪಟ್ಟು ಸ್ಪೀಡಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಪಾಸಿನ 2 ಸೆಕೆಂಡ್ ಹಾರುತ್ತದೆ. ಅವು ಬೇಕಾದರೆ ಸ್ಪೀಡ್ 4 ಪಟ್ಟಿಗೆ ಇಳಿಸಿ, ಪೀರಿಯಡ್ ಕೂಡ ಇನ್ನೂ ಚಿಕ್ಕದು ಮಾಡಿ ನೋಡಿ.