2016ರ ಡೀಸೆಲ್ ಕಾರು: ಇಟ್ಟುಕೊಳ್ಳಲೇ, ಮಾರಲೇ? ಅನುಭವ ಇದ್ದವರು ತಿಳಿಸಿ

ಕೋಥ್ರೂಡ್, ಪುಣೆ:
ಕಾರು ಧಾರವಾಡದ ಕೆಎ 25 ನೋಂದಣಿಯದು. ಖಂಬಾಟ್ಕಿ ಘಾಟಿ ಹತ್ತುವಾಗ ಕ್ಲಚ್ ಸ್ಲಿಪ್ ಆಗುತ್ತಿದೆ. ಮೆಕ್ಯಾನಿಕ್ 19,000 ಹೇಳಿದ್ದಾನೆ. ಕಚೇರಿ ಮನೆಗೆ ಹತ್ತಿರ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಇದಕ್ಕೇ ದುಡ್ಡು ಹಾಕಲೇ, ಹೊಸದು ಕೊಳ್ಳಲೇ?

ಪಿಂಪ್ರಿ:
ಹಳೆಯ ಡೀಸೆಲ್ ಕೊಟ್ಟು ಹೊಸ ಹೊಗೆ ನಿಯಮದ ಬಿಎಸ್6 ಡೀಸೆಲ್ ಕೊಂಡವನು ನಾನು. ಮನೆಯಿಂದ ಕಾರ್ಖಾನೆಗೆ ಐದು ಕಿ.ಮೀ. ಅಷ್ಟರಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನಲ್ಲಿ ಕೂತ ಮಸಿ ಸುಟ್ಟುಹೋಗುವುದೆಲ್ಲಿಂದ? ಡ್ಯಾಶ್‌ಬೋರ್ಡಿನಲ್ಲಿ ಅದರ ಎಚ್ಚರಿಕೆಯ ದೀಪ ಹತ್ತಿತು. ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಜೋಡಿಸಿ ಮಸಿ ಸುಡಿಸಿದ್ದಕ್ಕೆ 4,800. ಸುಡದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್ ಮಟ್ಟ ಏರಿದೆ ಎಂದು ಅದನ್ನೂ ಬದಲಿಸಿದರು, 6,350. ಎರಡು ತಿಂಗಳಿಗೆ ಮತ್ತೆ ಅದೇ ದೀಪ! ಫಿಲ್ಟರ್ ಬದಲಿಸಿದರೆ ಲಕ್ಷ ದಾಟುತ್ತದಂತೆ. ಮಾರುವಾಗ ಒಬ್ಬನೂ ಈ ಮಾತು ಎತ್ತಲಿಲ್ಲ. ಇಳಿಜಾರು ಸಿಕ್ಕಲ್ಲೆಲ್ಲ ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುತ್ತೇನೆ, ಆದರೂ ಖರ್ಚು ಕೈ ಮೀರುತ್ತಿದೆ.

ಕುರ್ಲಾ, ಮುಂಬೈ:
ಒಂದು ದೀಪಕ್ಕೆ ಇಷ್ಟೊಂದು ಗೋಳೇ? ನನ್ನ ಕಾರು ನಿಂತಲ್ಲೇ ಡ್ಯಾಶ್‌ಬೋರ್ಡಿನವರೆಗೆ ಮುಳುಗಿತು. 2005ರ ಜುಲೈ 26ರ ಮಳೆ ಕಂಡವನು ನಾನು, ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಹಾಗಾಗಿ ಕೀಲಿ ಮುಟ್ಟಲಿಲ್ಲ. ಸಿಲಿಂಡರ್‌ನಲ್ಲಿ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಎಷ್ಟು ಒತ್ತಿದರೂ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪಕ್ಕದ ಮನೆಯವರು ಸ್ಟಾರ್ಟ್ ಮಾಡಿದರು, ಎಂಜಿನ್ ಹೋಯಿತು. ಅವರಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇರಲಿಲ್ಲ, ಬಿಡಿಗಾಸೂ ಸಿಗಲಿಲ್ಲ. ನನಗೆ ಎಳೆದೊಯ್ದದ್ದಕ್ಕೆ 3,500, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) 42,000, ವೈರಿಂಗ್ 31,500, ಸೀಟು ಬಿಚ್ಚಿ ಒಣಗಿಸಿದ್ದು 14,000. ಕಾರ್ಪೆಟ್ ಎತ್ತಿ ಅದರಡಿಯ ಸ್ಪಂಜು ಹಿಂಡಿದಾಗ ವಾರ ಕಳೆದ ಮೇಲೂ ಕಪ್ಪು ನೀರು ಸುರಿಯಿತು. ಎಂಜಿನ್ ಮಾತ್ರ ಇವತ್ತಿಗೂ ಗಟ್ಟಿಯಾಗಿದೆ.

ಮಡಗಾಂವ್:
ನಂಬರ್ ಪ್ಲೇಟಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ ಅಲ್ಲಿನ ನೋಂದಣಿ ಮಾಡಿಸಲೇಬೇಕು. ನಾನು ಎನ್‌ಒಸಿ ತಂದು, ಗೋವಾದಲ್ಲಿ ತೆರಿಗೆ ಕಟ್ಟಿ, ಏಜೆಂಟ್‌ಗೆ 7,000 ತೆತ್ತೆ. ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಬಾಕಿ ಪಾಲು ಇನ್ನೂ ವಾಪಸ್ ಬಂದಿಲ್ಲ. ಅದರ ಮೇಲೆ ಇಲ್ಲಿನ ಉಪ್ಪುಗಾಳಿ. ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಉಗುರಿನಿಂದ ಕೆರೆದರೆ ತಗಡೇ ಉದುರಿತು. ವೆಲ್ಡಿಂಗ್, ಬಣ್ಣ ಸೇರಿ 11,200.
ಪಿಂಪ್ರಿಯವರೇ, ನ್ಯೂಟ್ರಲ್ ಚಾಳಿ ಬಿಡಿ. ಅನಮೋಡ್ ಘಾಟಿಯಲ್ಲಿ ಹಾಗೆ ಇಳಿದು ಬನ್ನಿ ನೋಡೋಣ.

ಪಿಂಪ್ರಿ:
ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಒಂದು ಗೀರು ಬಿದ್ದಿಲ್ಲ. ನೀವು ತುಕ್ಕು ನೋಡಿಕೊಳ್ಳಿ.

ಹಡಪ್ಸರ್, ಪುಣೆ:
ಪುಣೆಯಲ್ಲಿದ್ದು ಈ ಮಾತೇ? ನವಲೆ ಸೇತುವೆಯ ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಬಂದ ಲಾರಿಗಳು ಎಷ್ಟು ಜನರನ್ನು ಬಲಿ ತೆಗೆದುಕೊಂಡಿವೆ! ಗೇರ್ ಬಿಟ್ಟರೆ ಎಂಜಿನ್ ಹಿಡಿತ ತಪ್ಪುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲ್ ಹಳತಾಗಿ ನೀರು ಹೀರಿದ್ದರೆ ಕಾದು ಕುದಿದು ಪೆಡಲ್ ನೆಲಕ್ಕೆ ಹೋಗುತ್ತದೆ. ಉಳಿತಾಯವಂತೂ ಶುದ್ಧ ಸುಳ್ಳು. ಈಗಿನ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಇಂಧನವನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಡೀಸೆಲ್ ಸುಡಲೇಬೇಕು.

ಪಿಂಪ್ರಿ:
ಪುಸ್ತಕದ ವಿದ್ಯೆ. ನನ್ನ ಮೈಲೇಜ್ ಪಟ್ಟಿ ನನ್ನ ಬಳಿ ಇದೆ.

ಕುರ್ಲಾ, ಮುಂಬೈ:
ಹಡಪ್ಸರ್‌ನವರು ಹೇಳಿದ್ದು ಸರಿ. ಹಿಂದೆ ಬರುವವರ ಜೀವ ನಿಮ್ಮ ಪಟ್ಟಿಯಲ್ಲಿ ಇಲ್ಲ.

ನಿಗಡಿ, ಪುಣೆ:
ನೀವು ಕಿತ್ತಾಡಿಕೊಂಡಿರಿ. ನನ್ನ 2014ರ ಡೀಸೆಲ್ ಎರಡು ಲಕ್ಷ ಕಿ.ಮೀ. ದಾಟಿದೆ, ಮಾರುವ ಯೋಚನೆಯೇ ಇಲ್ಲ. ಕ್ಲಚ್ ಮಾಡಿಸುವಾಗ ಪ್ಲೇಟ್ ಒಂದನ್ನೇ ಹಾಕಿಸಿ ಉಳಿಸೋಣ ಎಂದ ತಮ್ಮನ ಮಾತು ನಾನು ಕೇಳಲಿಲ್ಲ. ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗೂ ಕೊಡಲೇಬೇಕು. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಜೊತೆಗೇ ಹಾಕಿಸಿದೆ, ಫ್ಲೈವೀಲ್ ಮೇಲೆ ಅತಿಯಾಗಿ ಕಾದದ್ದರ ನೀಲಿ ಕಲೆ ಇದೆಯೇ ಎಂದು ಟಾರ್ಚ್ ಹಿಡಿದು ನಾನೇ ನೋಡಿದೆ. ಸಾಮಾನು 9,400, ಕೂಲಿ 4,500. ಕೋಥ್ರೂಡ್‌ನವರೇ, ನಿಮ್ಮ 19,000ದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ, ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಂಡು ಬನ್ನಿ.