ಪೈಥಾನ್ ರೆಜೆಕ್ಸಲ್ಲಿ "ಕನ್ನಡ" ಅನ್ನೋ ಪದವೇ ತುಂಡಾಗ್ತಿದೆ, ಕ್ಯಾರೆಕ್ಟರ್ ಕ್ಲಾಸ್ ಹೇಗೆ ಬರೀಬೇಕು?

ಪದಬುಟ್ಟಿ:
ನಮಸ್ಕಾರ ಎಲ್ರಿಗೂ. ಕನ್ನಡ ವಿಕಿಪೀಡಿಯದ ಒಂದಷ್ಟು ಲೇಖನ ಇಟ್ಕೊಂಡು ಯಾವ ಪದ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಮಾಡೋ ಸ್ಕ್ರಿಪ್ಟ್ ಬರೀತಿದೀನಿ, ಮುಂದೆ ಸ್ಪೆಲ್‌ಚೆಕ್ಕಿಗೆ ಬೇಕು. ಪೈಥಾನ್ 3, ಅದ್ರ ಜೊತೇಲೇ ಬರೋ ಆರ್‌ಇ ಮಾಡ್ಯೂಲ್ (ರೆಜೆಕ್ಸಿಗೆ, ಅಂದ್ರೆ ಪಠ್ಯದಲ್ಲಿ ಬೇಕಾದ್ದನ್ನ ಹುಡುಕೋ ಪ್ಯಾಟರ್ನುಗಳಿಗೆ ಇರೋದು). ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ ಕೊಟ್ಟು ಫೈಂಡಾಲ್ ಮಾಡಿದ್ರೆ "ಕನ್ನಡ" ಹೋಗಿ "ಕನ", "ನಡ" ಅಂತ ಎರಡು ಬರ್ತಿದೆ, "ಕರ್ನಾಟಕ" ಅಂತೂ "ಕರ", "ನ", "ಟಕ" ಅಂತ ಮೂರು. ಹೋಗ್ಲಿ ಅಂತ ಕ್ಯಾರೆಕ್ಟರ್ ಕ್ಲಾಸ್ (ಯಾವ್ಯಾವ ಅಕ್ಷರ ಹಿಡೀಬೇಕು ಅನ್ನೋ ಚೌಕ ಬ್ರಾಕೆಟ್ಟಿನ ಪಟ್ಟಿ) ಹಾಕಿ [ಅ-ಹ]+ ಬರ್ದೆ, ಅದೇ ಕಥೆ. ಅ ಇಂದ ಹಲಂತದವರೆಗೂ ರೇಂಜ್ ಎಳೆದ ಮೇಲೆ ಇವೆರಡೂ ಸರಿಹೋದ್ವು, ಆದ್ರೆ "ಬೆಂಗಳೂರು" ಮಾತ್ರ "ಬೆ" ಮತ್ತೆ "ಗಳೂರು" ಆಗಿ ಕೂತಿದೆ. ಯಾಕೆ ಅಂತ ಯಾರಾದ್ರೂ ಹೇಳ್ತೀರಾ?

ಗುಣಿತಾಕ್ಷರ:
ಫೈಲು ಯೂನಿಕೋಡಲ್ಲೇ ಇದೆ ತಾನೆ? ವಿಕಿಪೀಡಿಯದ್ದಾದ್ರೆ ಇರತ್ತೆ, ಹಳೇ ನುಡಿ ಅಥವಾ ಬರಹದ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದು ಏನಾದ್ರೂ ಮಧ್ಯೆ ಸೇರಿದ್ರೆ ಅದನ್ನ ಮೊದ್ಲು ಕನ್ವರ್ಟ್ ಮಾಡ್ಕೊಳ್ಳಿ, ಅದ್ರ ಮೇಲೆ ಈ ಪ್ಯಾಟರ್ನ್ ಯಾವ್ದೂ ನಡಿಯಲ್ಲ.

ಕಾರಣ ಇದು. ನಮ್ಮ ಕಣ್ಣಿಗೆ "ನ್ನ" ಒಂದು ಅಕ್ಷರ, ರೆಜೆಕ್ಸಿಗೆ ಅದು ನ, ಹಲಂತ, ನ ಅಂತ ಮೂರು. ಪೈಥಾನಿನ ಆರ್‌ಇ ಮಾಡ್ಯೂಲಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅಂದ್ರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟೇ. ಹಲಂತ, ಕೊಂಬು, ಏತ್ವ, ಸೊನ್ನೆ (ಅನುಸ್ವಾರ) ಇವೆಲ್ಲ ಯೂನಿಕೋಡಲ್ಲಿ ಅಕ್ಷರದ ಗುಂಪಲ್ಲಿಲ್ಲ, ಮಾರ್ಕ್ ಅನ್ನೋ ಬೇರೆ ಗುಂಪಲ್ಲಿವೆ, ಅದಕ್ಕೆ ಎಲ್ಲೆಲ್ಲಿ ಗುಣಿತ ಬರತ್ತೋ ಅಲ್ಲಲ್ಲಿ ಪದ ಕಟ್ ಆಗತ್ತೆ. ಹಿಂದಿಯೋರಿಗೂ ಇದೇ ಗೋಳು, ಪೈಥಾನಿನ ಬಗ್ ಪಟ್ಟಿಲಿ 2007ರಲ್ಲೇ ಇದನ್ನ ಹಾಕಿದಾರೆ.

ಇನ್ನು ರೇಂಜ್ ವಿಷ್ಯ. ಕ್ಲಾಸ್ ಒಳಗಿನ ಗೆರೆ ವರ್ಣಮಾಲೆ ಕ್ರಮ ನೋಡಲ್ಲ, ಕೋಡ್ ನಂಬರ್ ನೋಡತ್ತೆ. ಕನ್ನಡಕ್ಕೆ ಕೊಟ್ಟಿರೋದು 3200ರಿಂದ 3327, ಒಟ್ಟು 128 ಜಾಗ. ಅ 3205, ಹ 3257, ಆಮೇಲೆ ದೀರ್ಘದ ಚಿಹ್ನೆ 3262ರಿಂದ ಗುಣಿತಗಳು ಶುರುವಾಗಿ ಹಲಂತ 3277ರಲ್ಲಿದೆ. ಸೊನ್ನೆ ಎಲ್ಲಿದೆ ನೋಡಿ, 3202, ಅಂದ್ರೆ ಅ ಗಿಂತ ಮುಂಚೆ! ನೀವು ಅ ಇಂದ ಶುರು ಮಾಡಿದ್ರಿಂದ ಬೆಂಗಳೂರಿನ ಸೊನ್ನೆ ರೇಂಜಿಂದ ಹೊರಗೆ ಉಳೀತು.

ಕ್ಲಾಸ್ ಒಳಗೆ ನೇರವಾಗಿ ಚಿಹ್ನೆ ಟೈಪ್ ಮಾಡ್ಬೇಡಿ, ಅದು ಹಿಂದಿನ ಗೆರೆಗೋ ಬ್ರಾಕೆಟ್ಟಿಗೋ ಅಂಟ್ಕೊಂಡು ಏನಿದೆ ಅಂತಾನೇ ಕಾಣಲ್ಲ. ಹೆಕ್ಸಲ್ಲಿ (16ರ ಲೆಕ್ಕದ ಕೋಡ್ ನಂಬರಲ್ಲಿ) ಬರೀರಿ: ಬ್ಯಾಕ್‌ಸ್ಲ್ಯಾಶ್ ಯು 0ಸಿ80, ಗೆರೆ, ಬ್ಯಾಕ್‌ಸ್ಲ್ಯಾಶ್ ಯು 0ಸಿಇ3. ಪೂರ್ತಿ 0ಸಿಎಫ್‌ಎಫ್‌ವರೆಗೆ ಎಳೆದ್ರೆ ೦ ಇಂದ ೯ ಕೂಡ ಒಳಗೆ ಬಂದು "೧೯೭೩" ಕೂಡ ಪದ ಅಂತ ಎಣಿಕೆ ಆಗತ್ತೆ. ಇಲ್ಲಾಂದ್ರೆ ಪಿಪ್ಪಲ್ಲಿ (ಪೈಥಾನಿಗೆ ಹೆಚ್ಚಿನ ಮಾಡ್ಯೂಲ್ ಹಾಕ್ಕೊಳ್ಳೋ ಸಾಧನ) ರೆಜೆಕ್ಸ್ ಅಂತಾನೇ ಬೇರೆ ಮಾಡ್ಯೂಲ್ ಸಿಗತ್ತೆ, ಅದ್ರ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಮಾರ್ಕುಗಳನ್ನೂ ಸೇರಿಸ್ಕೊಳತ್ತೆ.

ತೆಂಕಣಗಾಳಿ:
ಇದ್ರ ಜೊತೆ ಬ್ಯಾಕ್‌ಸ್ಲ್ಯಾಶ್ ಬಿ ಬಗ್ಗೆನೂ ಹುಷಾರು, ಮುಂದೆ ಖಂಡಿತ ಎಡವ್ತೀರ. ಅದು ಪದದ ಅಂಚು ಹುಡ್ಕೋದು ಡಬ್ಲ್ಯೂ ಲೆಕ್ಕದಲ್ಲೇ. "ಕಾಡು" ಪದವನ್ನ ಮಾತ್ರ ಹಿಡೀಬೇಕು ಅಂತ ಎರಡೂ ಕಡೆ ಬಿ ಹಾಕಿ "ಕಾಡು ಬೆಳೆದಿದೆ" ಅನ್ನೋ ಸಾಲಿನ ಮೇಲೆ ಓಡಿಸಿ, ಸಿಗಲ್ಲ. ಕೊನೇಲಿರೋ ಕೊಂಬು ಅದ್ರ ಲೆಕ್ಕದಲ್ಲಿ ಅಕ್ಷರ ಅಲ್ಲ, ಪಕ್ಕದ ಖಾಲಿ ಜಾಗಾನೂ ಅಲ್ಲ, ಹಾಗಾಗಿ ಅಲ್ಲಿ ಅಂಚೇ ಇಲ್ಲ. ಅದೇ "ಕಾಡುಪ್ರಾಣಿ" ಮೇಲೆ ಓಡಿಸಿ, ಕೊಂಬಿನ ಪಕ್ಕ ಪ ಬಂತಲ್ಲ, ಅಲ್ಲಿ ಅಂಚು ಸಿಕ್ಕಿ ಮ್ಯಾಚ್ ಆಗತ್ತೆ. ಬೇಕಾಗಿದ್ದಕ್ಕೆ ಪೂರ್ತಿ ಉಲ್ಟಾ. ನಮ್ಮ ಪದಗಳು ಬಹಳಷ್ಟು ಗುಣಿತದಲ್ಲೇ ಮುಗಿಯೋದ್ರಿಂದ ಕನ್ನಡಕ್ಕೆ ಬಿ ಬಳಸೋದನ್ನ ಬಿಟ್ಬಿಡಿ, ಹಿಂದೆ ಮುಂದೆ ಕನ್ನಡದ ಕ್ಲಾಸ್ ಇರಬಾರ್ದು ಅಂತ ನೆಗೆಟಿವ್ ಲುಕ್‌ಬಿಹೈಂಡ್, ಲುಕ್‌ಅಹೆಡ್ ಹಾಕಿ. ಜಾವಾಸ್ಕ್ರಿಪ್ಟಲ್ಲಿ ಇನ್ನೂ ಕಷ್ಟ, ಅಲ್ಲಿ ಡಬ್ಲ್ಯೂ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ನೋಡಲ್ಲ.

ಪದಬುಟ್ಟಿ:
ಗುಣಿತಾಕ್ಷರ ಅವ್ರೇ, ತೆಂಕಣಗಾಳಿ ಅವ್ರೇ, ಇಬ್ರಿಗೂ ತುಂಬಾ ಥ್ಯಾಂಕ್ಸ್. 0ಸಿ80 ಇಂದ 0ಸಿಇ3 ಹಾಕಿದ್ಮೇಲೆ ಬೆಂಗಳೂರು ಸರಿಯಾಯ್ತು. ಈಗ ಉಳಿದಿರೋದು: "ಸಾಫ್ಟ್‌ವೇರ್" ಇನ್ನೂ ಎರಡಾಗ್ತಿದೆ, "ರ‍್ಯಾಂಕ್" ಕೂಡ. ಮತ್ತೆ ಪಟ್ಟಿಲಿ "ಕೋಟೆ" ಎರಡು ಸಲ ಬೇರೆ ಬೇರೆ ಎಣಿಕೆ ಜೊತೆ ಬಂದಿದೆ, ನೋಡೋಕೆ ಎರಡೂ ಒಂದೇ ಥರ.

ಗುಣಿತಾಕ್ಷರ:
ಮೊದಲಿನ ಎರಡಕ್ಕೆ ಕಾರಣ ಕಣ್ಣಿಗೆ ಕಾಣದ ಜಾಯ್ನರುಗಳು, ಅಂದ್ರೆ ಅಕ್ಷರ ಹೇಗೆ ಕೂಡಬೇಕು ಅಂತ ಹೇಳೋ ಕೋಡುಗಳು. ಫ್ಟ್ ಆದ್ಮೇಲೆ ವ ಒತ್ತಾಗಿ ಕೆಳಗೆ ಇಳೀದೆ ಇರೋಕೆ ಮಧ್ಯೆ 8204ನೇ ಕೋಡ್ ಕೂತಿರತ್ತೆ, ರ‍್ಯಾಂಕಲ್ಲಿ ಅರ್ಕಾವತ್ತು ಬರದೇ ಇರೋಕೆ 8205. ಎರಡೂ ಕನ್ನಡದ ಬ್ಲಾಕಿಂದ ಎಷ್ಟೋ ದೂರ. ಅಳಿಸಿ ಹಾಕ್ಬೇಡಿ, ಸಾಫ್ಟ್‌ವೇರ್ ರೂಪಾನೇ ಕೆಟ್ಟೋಗತ್ತೆ. ಸುಮ್ನೆ ಕ್ಲಾಸಿಗೆ ಸೇರಿಸೋದೂ ಬೇಡ, ಯಾಕಂದ್ರೆ ಕೆಲವು ಕೀಬೋರ್ಡು "ಬಸ್" ಥರದ ಪದದ ಕೊನೇಲೂ 8204 ಬಿಟ್ಟು ಹೋಗಿರತ್ತೆ, ಆಗ ಬಸ್ ಎರಡು ಥರ ಎಣಿಕೆ ಆಗತ್ತೆ. ಕ್ಲಾಸ್ ಪ್ಲಸ್, ಆಮೇಲೆ (?: ಒಂದು ಜಾಯ್ನರ್, ಮತ್ತೆ ಕ್ಲಾಸ್ ಪ್ಲಸ್ )* ಅಂತ ಬರೀರಿ, ಪದದ ನಡುವೆ ಇದ್ರೆ ಮಾತ್ರ ತಗೊಳತ್ತೆ. ಆ ಪ್ರಶ್ನಾರ್ಥಕ ಮತ್ತು ಕೋಲನ್ ಮರೀಬೇಡಿ, ಬರೀ ಕಂಸ ಹಾಕಿದ್ರೆ ಫೈಂಡಾಲ್ ಪೂರ್ತಿ ಪದ ಬಿಟ್ಟು ಕಂಸದೊಳಗಿನ ತುಂಡನ್ನ ಮಾತ್ರ ಕೊಡತ್ತೆ.

ಕೋಟೆಯದ್ದು ರೆಜೆಕ್ಸಿನ ಸಮಸ್ಯೆ ಅಲ್ಲ. "ಕೋ"ದಲ್ಲಿರೋ ಓತ್ವವನ್ನ ಒಂದೇ ಕೋಡಲ್ಲೂ ಬರೀಬಹುದು, ಒತ್ವಕ್ಕೆ ದೀರ್ಘ ಸೇರಿಸಿ ಎರಡು ಕೋಡಲ್ಲೂ ಬರೀಬಹುದು. ಓದಿದ ತಕ್ಷಣ ಯೂನಿಕೋಡ್‌ಡೇಟಾದ ನಾರ್ಮಲೈಸಿಂದ ಎನ್‌ಎಫ್‌ಸಿಗೆ (ಇಂಥ ಬಿಡಿ ಕೋಡುಗಳನ್ನ ಒಂದಾಗಿ ಜೋಡಿಸಿದ ರೂಪ) ತನ್ನಿ, ಪ್ಯಾಟರ್ನ್ ಆಮೇಲೆ.

ಪದಬುಟ್ಟಿ:
ಆಯ್ತು! ಕೋಟೆ ಒಂದಾಯ್ತು, ಸಾಫ್ಟ್‌ವೇರ್ ಕೂಡ ಇಡೀಯಾಗಿ ಬಂತು. ಕೊನೇದಾಗಿ ಒಂದು: ಪದದಲ್ಲಿ ಎಷ್ಟು ಅಕ್ಷರ ಅಂತ ನಾವು ಎಣಿಸೋ ಥರ ಎಣಿಸೋಕಾಗತ್ತಾ? ಲೆನ್ ಹಾಕಿದ್ರೆ "ಸ್ವಾತಂತ್ರ್ಯ" 11 ಅನ್ನತ್ತೆ.

ತೆಂಕಣಗಾಳಿ:
ಆಗತ್ತೆ. [ಕ್ಷಜ್ಞ] ಥರ ಒತ್ತಕ್ಷರವನ್ನ ಕ್ಲಾಸಿಗೆ ತುಂಬೋಕೆ ಹೋಗ್ಬೇಡಿ, ಕ್ಲಾಸ್ ಒಂದು ಸಲಕ್ಕೆ ಒಂದೇ ಕೋಡ್ ಹಿಡಿಯೋದು. ಬದ್ಲಿಗೆ ಅಕ್ಷರದ ರಚನೆಯನ್ನೇ ಬರೀರಿ: [ಕ-ಹ], ಅದಾದ್ಮೇಲೆ (?: ಹಲಂತ [ಕ-ಹ] )* , ಆಮೇಲೆ ಇದ್ರೆ ಒಂದು ಗುಣಿತ ಅಥವಾ ಹಲಂತ, ಆಮೇಲೆ ಇದ್ರೆ ಸೊನ್ನೆ ಅಥವಾ ವಿಸರ್ಗ. ಇದಕ್ಕೆ ಪೈಪ್ ಹಾಕಿ ಸ್ವರಗಳಿಗೆ [ಅ-ಔ], ಅದಕ್ಕೂ ಸೊನ್ನೆ ವಿಸರ್ಗ. ಹಲಂತದ ಕೋಡ್ ಹೆಕ್ಸಲ್ಲಿ 0ಸಿಸಿಡಿ. ಸ್ವಾತಂತ್ರ್ಯ ಕೊಟ್ರೆ ಸ್ವಾ, ತಂ, ತ್ರ್ಯ, ಮೂರೇ ಬರತ್ತೆ. ಹಳಗನ್ನಡದ ಪಠ್ಯ ಇದ್ರೆ ೞ ಬೇರೆ ಸೇರಿಸಿ, ಅದು 3294ರಲ್ಲಿದೆ, ಕ-ಹ ಒಳಗೆ ಬರಲ್ಲ. ಱ ಒಳಗೇ ಇದೆ. ರ‍್ಯಾಂಕಿಗೆ ಹಲಂತಕ್ಕಿಂತ ಮುಂಚೆ 8205 ಇದ್ರೂ ಇರ್ಬಹುದು ಅಂತ ಒಂದು ಪ್ರಶ್ನಾರ್ಥಕ ಹಾಕ್ಬಿಡಿ.